ಹಾವಸೆಯಲ್ಲಿ, ಜರಿಯ ಮರಿಯಲ್ಲಿ ಆರ್ಕಿಗೋನಿಯಂ ಹುಡುಕುವುದು ಹೇಗೆ: ಮಲೆನಾಡಿನವರಿಗೊಂದು ಕೈಪಿಡಿ

ಬಿಎಸ್ಸಿ ಓದುವ ಹೆಚ್ಚಿನ ಮಕ್ಕಳಿಗೆ ಆರ್ಕಿಗೋನಿಯಂ (ಹಾವಸೆ, ಜರಿಗಳ ಹೆಣ್ಣು ಅಂಗ) ಅಂದರೆ ಪೆಟ್ಟಿಗೆಯಿಂದ ತೆಗೆದು ಕೊಡುವ, ಕೆಂಪು ಬಣ್ಣ ಹಾಕಿದ, ಎಲ್ಲಿಂದಲೋ ಕೊಂಡು ತಂದ ಸ್ಲೈಡು. ರೆಕಾರ್ಡಿನಲ್ಲಿ ಚಿತ್ರ ಬರೆದು, ಗೆರೆ ಎಳೆದು, ಭಾಗಗಳ ಹೆಸರು ಹಾಕಿದರೆ ಮುಗಿಯಿತು. ಆ ಸ್ಲೈಡಿನಲ್ಲಿರುವ ಗಿಡದ ಅಕ್ಕತಂಗಿಯರೆಲ್ಲ ಕಾಲೇಜಿನ ಕಾಂಪೌಂಡ್ ಗೋಡೆಯ ಮೇಲೇ ಕೂತಿರುತ್ತಾರೆ. ಶಿವಮೊಗ್ಗದಿಂದ ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆ ಹೋಗಿ, ಇಲ್ಲವೇ ಸಾಗರ, ಹೊಸನಗರದ ಯಾವ ರಸ್ತೆಯನ್ನಾದರೂ ಹಿಡಿಯಿರಿ. ಮಳೆಗಾಲದಲ್ಲಿ ಧರೆ (ರಸ್ತೆ ಬದಿಯ ಕಡಿದ ಮಣ್ಣಿನ ಗೋಡೆ) ತುಂಬ ಇವೇ. ಒಂದು ಸಾಧಾರಣ ಮೈಕ್ರೋಸ್ಕೋಪು ಸಿಕ್ಕಿದರೆ ಈ ಅಂಗವನ್ನು ಜೀವಂತವಾಗಿ, ಬಾಯಿ ತೆರೆಯುವ ಹೊತ್ತಿನಲ್ಲೇ ನೋಡಬಹುದು.

ಮೊದಲು, ಹುಡುಕುತ್ತಿರುವುದು ಏನನ್ನು ಎಂದು ಗೊತ್ತಿರಲಿ. ಹಾವಸೆ, ಲಿವರ್‌ವರ್ಟ್ (ನೆಲಕ್ಕಂಟಿ ಬೆಳೆಯುವ, ಹಾವಸೆಯ ನೆಂಟ), ಜರಿಗಳು ಹೂವು ಬಿಡುವುದಿಲ್ಲ. ಇವುಗಳ ಹೆಣ್ಣು ಅಂಗವೇ ಆರ್ಕಿಗೋನಿಯಂ, ಆಕಾರ ಹೂಜಿಯದು. ಕೆಳಗೆ ಉಬ್ಬಿದ ಹೊಟ್ಟೆ, ಅದರೊಳಗೆ ಒಂದೇ ಒಂದು ಅಂಡ. ಮೇಲೆ ಕತ್ತು, ಕತ್ತಿನ ಕೊಳವೆಯೊಳಗೆ ಸಾಲಾಗಿ ಕೂತ ಕೋಶಗಳು. ಅಂಡ ಬಲಿತಾಗ ಕೊಳವೆಯ ಕೋಶಗಳೂ ಅಂಡದ ನೆತ್ತಿಯ ಮೇಲಿನ ಒಂದು ಕೋಶವೂ ಕರಗಿ ಲೋಳೆಯಾಗುತ್ತವೆ. ನೀರು ತಾಗಿದ ಕೂಡಲೇ ಆ ಲೋಳೆ ಉಬ್ಬುತ್ತದೆ, ತುದಿಯ ಮುಚ್ಚಳದ ಕೋಶಗಳನ್ನು ತಳ್ಳುತ್ತದೆ, ಬಾಯಿ ತೆರೆಯುತ್ತದೆ. ಆಂಥರಿಡಿಯಂ ಎನ್ನುವ ಗಂಡು ಅಂಗದಿಂದ ಹೊರಬಿದ್ದ ಕೋಶಗಳು ಈಜಿಕೊಂಡು ಬಂದು ಆ ದಾರಿಯಲ್ಲೇ ಒಳಗಿಳಿಯಬೇಕು. ನೀರಿಲ್ಲದಿದ್ದರೆ ಬಾಯಿಯೂ ಇಲ್ಲ, ಈಜೂ ಇಲ್ಲ.

ಆದ್ದರಿಂದ ಈ ಇಡೀ ಕೆಲಸಕ್ಕೆ ನನ್ನದು ಒಂದೇ ಸೂತ್ರ. ಗಿಡದ ಮೈಯಲ್ಲಿ ನೀರು ತೆಳ್ಳಗೆ ನಿಲ್ಲುವ ಜಾಗ ಯಾವುದು ಎಂದು ಕೇಳಿಕೊಳ್ಳಿ. ಆರ್ಕಿಗೋನಿಯಂನ ಬಾಯಿ ಅಲ್ಲಿರುತ್ತದೆ. ಹಾವಸೆಯಲ್ಲಿ ಅದು ಎಲೆಗಳು ಮುಚ್ಚಿಕೊಂಡ ತುದಿಮೊಗ್ಗು. ಜರಿಯ ಮರಿಯಲ್ಲಿ (ಜರಿಯ ಬೀಜಕ, ಅಂದರೆ ಸ್ಪೋರ್, ಮೊಳೆತು ಬರುವ ಪುಟ್ಟ ಹಸಿರು ಹಾಳೆ) ಮಣ್ಣಿಗೆ ತಾಗಿದ ಅಡಿಭಾಗ. ರಿಕ್ಸಿಯಾ ಎಂಬ ಲಿವರ್‌ವರ್ಟ್‌ನಲ್ಲಿ ಬೆನ್ನಿನ ಗೀರು.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸು, ಎರಡು ಹೊಲಿಗೆ ಸೂಜಿ (ಕಡ್ಡಿಗೆ ಸಿಕ್ಕಿಸಿಕೊಳ್ಳಿ), ಹೊಸ ಬ್ಲೇಡು, ಚಿತ್ರ ಬರೆಯುವ ಸಣ್ಣ ಬ್ರಷ್ಷು, ಗಾಜಿನ ಸ್ಲೈಡು, ಕವರ್‌ಸ್ಲಿಪ್ಪು, ಒಂದು ಬಾಟಲಿ ಮಳೆನೀರು. ಮೈಕ್ರೋಸ್ಕೋಪಿನಲ್ಲಿ 10 ಮತ್ತು 40 ಪಟ್ಟಿನ ಆಬ್ಜೆಕ್ಟಿವ್ ಇದ್ದರೆ ಧಾರಾಳವಾಯಿತು. ಅದು ಇಲ್ಲದವರು ಕಾಗದದ ಫೋಲ್ಡ್‌ಸ್ಕೋಪು ಬಳಸಬಹುದು. ಸ್ಟಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ ಈ ಉಪಕರಣ ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ; ಹಾವಸೆಯ ಆರ್ಕಿಗೋನಿಯಂಗೆ ಅಷ್ಟು ಸಾಕು. ಬಣ್ಣ ಬೇಕೇಬೇಕು ಅಂತಿಲ್ಲ. ತಾಜಾ ವಸ್ತುವಿಗೆ ಸಾಫ್ರನಿನ್ ಎನ್ನುವ ಕೆಂಪು ಬಣ್ಣ ಹಾಕುವುದು ನನಗಂತೂ ಇಷ್ಟವಿಲ್ಲ: ಹಸಿರು ಯಾವುದು, ಕಂದು ಯಾವುದು ಎಂಬ ಮುಖ್ಯ ಸುಳಿವೇ ಅಳಿಸಿಹೋಗುತ್ತದೆ.

ಉಂಬಳಕ್ಕೆ ಸುಣ್ಣವೋ ಉಪ್ಪೋ ಬಟ್ಟೆಯ ಗಂಟಿನಲ್ಲಿ ಇಟ್ಟುಕೊಳ್ಳಿ. ಹಾವಸೆ ನೋಡುವವರು ಒಂದೇ ಕಡೆ ಕುಕ್ಕುರುಗಾಲಲ್ಲಿ ಕೂರುವುದರಿಂದ ಉಂಬಳಗಳಿಗೆ ಬಹಳ ಅನುಕೂಲ.

ಯಾವಾಗ, ಎಲ್ಲಿ

ಮೃಗಶಿರ ಮಳೆಗೆ ಧರೆ ಹಸಿರಾಗಲು ಶುರು. ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ, ಅಂದರೆ ಜೂನ್ ಕೊನೆಯಿಂದ ಜುಲೈವರೆಗೆ, ಹೊಸ ಚಿಗುರು ಬಂದ ದಿಂಡುಗಳನ್ನು ನೋಡಲು ಶುರು ಮಾಡಿ, ಮಳೆ ಹಿಂದೆ ಸರಿಯುವವರೆಗೂ ಬಿಡಬೇಡಿ. ಒಂದೊಂದು ಜಾತಿಗೆ ಒಂದೊಂದು ಹದ ಇರುವುದರಿಂದ ಪಂಚಾಂಗಕ್ಕಿಂತ ಗಿಡವನ್ನೇ ನಂಬಬೇಕು. ಹಾವಸೆಯಿಂದ ತೆಳ್ಳನೆ ಕಡ್ಡಿ ಎದ್ದು ಅದರ ತುದಿಗೆ ಬುರುಡೆ ಕೂತಿದ್ದರೆ ಆ ತುದಿಯ ಕಥೆ ಮುಗಿದಿದೆ ಎಂದರ್ಥ. ಅಲ್ಲಿ ಗರ್ಭ ಕಟ್ಟಿ ಮುಂದಿನ ಪೀಳಿಗೆಯೇ ಬೆಳೆದು ನಿಂತಿದೆ. ನಿಮಗೆ ಬೇಕಾದದ್ದು ಕಡ್ಡಿ ಹೊರಡುವುದಕ್ಕೂ ಮುಂಚಿನ ತುದಿ. ಸಾಮಾನ್ಯವಾಗಿ ಕಡ್ಡಿ ಹೊರಟ ಗುಂಪಿನ ಅಂಚಿನಲ್ಲೇ ತಡವಾಗಿ ಬೆಳೆದ ಎಳೆಯವು ಸಿಗುತ್ತವೆ.

ಜಾಗಕ್ಕೆ ಬರ ಇಲ್ಲ. ರಸ್ತೆಗೆಂದು ಕಡಿದ ಧರೆಯ ಕೆಂಪು ಮಣ್ಣಿನಲ್ಲಿ ಗಟ್ಟಿ ಎಲೆಯ ಪೊಗೊನೇಟಮ್ ಎಂಬ ಹಾವಸೆ ಗುಂಪುಗುಂಪಾಗಿ ಬೆಳೆಯುತ್ತದೆ. ಸುಡುಮಣ್ಣು ಮಾಡಿದ ಜಾಗ, ಬೂದಿ ಸುರಿದ ಜಾಗಗಳಲ್ಲಿ ಫ್ಯುನೇರಿಯ ಎಂಬ ಇನ್ನೊಂದು ಹಾವಸೆ ಇದೆಯೇ ನೋಡಿ. ಸುಟ್ಟ ನೆಲ ಅದಕ್ಕೆ ಪ್ರೀತಿ. ಜಂಬಿಟ್ಟಿಗೆ ಗೋಡೆ, ಬಾವಿಯ ಕಟ್ಟೆ, ಹಳ್ಳದ ಬಂಡೆ, ಎಲ್ಲವೂ ಆದೀತು. ಆದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆದ ಅಡಿಕೆ ತೋಟದೊಳಗಿಂದ ತರಬೇಡಿ. ಅದರಲ್ಲಿರುವ ಮೈಲುತುತ್ತದ ತಾಮ್ರ ಹಾವಸೆಗೆ ವಿಷ. ಮರದಿಂದ ತೊಟ್ಟಿಕ್ಕಿದ ದ್ರಾವಣ ಬಿದ್ದಲ್ಲಿ ಗಿಡ ಹಸಿರಾಗಿ ಕಂಡರೂ ಈಜುವ ಗಂಡು ಕೋಶ ನೋಡುವ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚೂರನ್ನೂ ಕೀಳುವ ಹಾಗಿಲ್ಲ. ಕವಲೇದುರ್ಗದಂಥ ಕೋಟೆಯ ಗೋಡೆಯನ್ನೂ ಕೆರೆಯಬಾರದು. ಇಷ್ಟಕ್ಕೆಲ್ಲ ಆಗುಂಬೆಗೆ ಹೋಗಬೇಕಾಗಿಯೂ ಇಲ್ಲ. ಮನೆಯ ಹಿಂದಿನ ಧರೆ ಸಾಕು. ಒಂದು ಬೆರಳಗಲ ತೆಗೆದರೆ ಒಂದು ತರಗತಿಗೆ ಆಗುವಷ್ಟು ತುದಿಗಳಿರುತ್ತವೆ.

ಹಾವಸೆಯ ತುದಿ ಬಿಡಿಸುವುದು

ಮೊದಲು ಗಂಡು ಹೆಣ್ಣು ಬೇರೆ ಮಾಡಿ. ಪೊಗೊನೇಟಮ್‌ನಲ್ಲಿ ಎರಡೂ ಬೇರೆ ಬೇರೆ ಗಿಡ. ಗಂಡು ಗಿಡದ ತುದಿಯಲ್ಲಿ ಅಗಲ ಎಲೆಗಳ ಬಟ್ಟಲು ಇರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಮಳೆಹನಿ ಆ ಬಟ್ಟಲಿಗೆ ಬಿದ್ದು ಸಿಡಿದಾಗ ಗಂಡು ಕೋಶಗಳು ಪಕ್ಕದ ಗಿಡಕ್ಕೆ ಹಾರುತ್ತವೆ. ಬಟ್ಟಲು ಚೆಂದ ಇದೆಯೆಂದು ಎಲ್ಲರೂ ಅದನ್ನೇ ಕಿತ್ತು ತರುತ್ತಾರೆ. ನಿಮಗೆ ಬೇಕಾದದ್ದು ಅದರ ಪಕ್ಕ ನಿಂತ, ತುದಿಯ ಎಲೆಗಳನ್ನು ಒಳಕ್ಕೆ ಮುಚ್ಚಿಕೊಂಡ, ನೋಡಲು ಏನೂ ವಿಶೇಷವಿಲ್ಲದ ಗಿಡ. ಫ್ಯುನೇರಿಯದಲ್ಲಿ ಒಂದೇ ಗಿಡದ ಎರಡು ಕೊಂಬೆ: ಕಿತ್ತಳೆ ಬಣ್ಣದ ನಡುಭಾಗ ಕಾಣುವುದು ಗಂಡು, ಬುಡದಿಂದ ಹೊರಟ ಮೊಗ್ಗಿನಂಥದ್ದು ಹೆಣ್ಣು.

ಹೆಣ್ಣು ತುದಿಯನ್ನು ಮೂರ್ನಾಲ್ಕು ಮಿಲಿಮೀಟರಿನಷ್ಟು ಕತ್ತರಿಸಿ ಸ್ಲೈಡಿನ ಮೇಲೆ ನೀರಹನಿಯಲ್ಲಿ ಇಡಿ. ಕಪ್ಪು ಕಾಗದದ ಮೇಲೆ ಸ್ಲೈಡು ಇಟ್ಟುಕೊಂಡರೆ ಕಣ್ಣಿಗೆ ಸುಲಭ. ಎಡಗೈ ಸೂಜಿಯಿಂದ ಬುಡ ಒತ್ತಿ ಹಿಡಿಯಿರಿ, ಬಲಗೈ ಸೂಜಿಯಿಂದ ಎಲೆಗಳನ್ನು ಹೊರಗಿನಿಂದ ಒಂದೊಂದೇ ಕೆಳಮುಖವಾಗಿ ಎಳೆದು ಬಿಡಿಸಿ. ಮೇಲಕ್ಕೆ ಎಳೆದರೆ ಎಲೆಯ ಜೊತೆ ತುದಿಯೇ ಕಿತ್ತು ಬರುತ್ತದೆ. ಒಳಗೊಳಗೆ ಹೋದಂತೆ ಎಲೆ ಸಣ್ಣದಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ಕೈಲೆನ್ಸಿನಲ್ಲಿ ನೂಲಿನ ಎಳೆಗಳಂಥವು ಕಂಡ ಕೂಡಲೇ ನಿಲ್ಲಿಸಿ. ಉಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಹೊಸ ನೀರಹನಿಗೆ ಸಾಗಿಸಿ, ಕವರ್‌ಸ್ಲಿಪ್ ಹಾಕಿ ಸೂಜಿಯ ಹಿಂಬದಿಯಿಂದ ಮೆಲ್ಲಗೆ ಒತ್ತಿ. ಗುಂಪು ಬಿಚ್ಚಿಕೊಂಡು ಹರಡುತ್ತದೆ.

ಈಗ ಕಣ್ಣಿಗೆ ಎರಡು ಬಗೆಯವು ಬೀಳುತ್ತವೆ. ಒಂದೇ ಸಾಲಿನ ಕೋಶಗಳ ಬರಿ ಎಳೆಗಳು ಪ್ಯಾರಾಫೈಸಿಸ್. ನಡುವೆ ನೀರು ಹಿಡಿದಿಡಲು ನೆರವಾಗುತ್ತವೆ, ಅಂಡವಿಲ್ಲ. ಅವುಗಳ ಮಧ್ಯೆ ಗಿಡ್ಡ ಕಾಲಿನ ಮೇಲೆ ನಿಂತು, ಉಬ್ಬಿದ ಹೊಟ್ಟೆಯಿಂದ ಉದ್ದ ಕತ್ತು ಚಾಚಿ, ಕತ್ತು ಸ್ವಲ್ಪ ತಿರುಚಿಕೊಂಡಿರುವುದೇ ಆರ್ಕಿಗೋನಿಯಂ. ಹಾವಸೆಯ ಕತ್ತಿನ ಗೋಡೆಯಲ್ಲಿ ಉದ್ದಕ್ಕೆ ಆರು ಸಾಲು ಕೋಶಗಳು. ತಿರುಚು ಇರುವುದರಿಂದ ಒಂದೇ ಫೋಕಸಿನಲ್ಲಿ ಎಲ್ಲ ಸಾಲೂ ಎಣಿಕೆಗೆ ಸಿಗುವುದಿಲ್ಲ. ಫೈನ್ ಅಡ್ಜಸ್ಟ್‌ಮೆಂಟ್ ಮೇಲೆ ಬೆರಳು ಇಟ್ಟೇ ನೋಡಿ, ಮೇಲಿನ ಗೋಡೆಯಿಂದ ಕೊಳವೆಗೆ, ಕೊಳವೆಯಿಂದ ಕೆಳಗಿನ ಗೋಡೆಗೆ ಇಳಿಯುತ್ತ ಹೋಗಿ.

ಪಕ್ವತೆ ಓದುವುದು ಹೀಗೆ. ಕತ್ತಿನ ಒಳಗೆ ಒಂದರ ಮೇಲೊಂದು ಕೋಶಗಳು ಇನ್ನೂ ಇದ್ದರೆ ಎಳೆಯದು. ಒಳಗೆ ಖಾಲಿ ಕೊಳವೆ, ತುದಿಯ ಕೋಶಗಳು ಹೊರಕ್ಕೆ ಬಾಗಿದ್ದರೆ ಬಾಯಿ ತೆರೆದಿದೆ. ಕೊಳವೆ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾಲ ಮೀರಿದೆ. ಕತ್ತು ಕಂದು, ಆದರೆ ಹೊಟ್ಟೆ ಮಾತ್ರ ಹಸಿರಾಗಿ ದಪ್ಪಗಾಗಿದ್ದರೆ ಗರ್ಭ ಕಟ್ಟಿದೆ, ಒಳಗೆ ಭ್ರೂಣ ಬೆಳೆಯುತ್ತಿದೆ. ಒಂದೇ ತುದಿಯಲ್ಲಿ ಈ ಅವಸ್ಥೆಗಳು ಒಟ್ಟಿಗೆ ಸಿಗುವುದುಂಟು. ಒಂದು ತುದಿಯಲ್ಲಿ ಅನೇಕ ಆರ್ಕಿಗೋನಿಯಂ ಇದ್ದರೂ ಸಾಮಾನ್ಯವಾಗಿ ಕೊನೆಗೆ ಬೆಳೆದು ನಿಲ್ಲುವ ಕಡ್ಡಿ ಒಂದೇ.

ಮೈಕ್ರೋಸ್ಕೋಪು ಇಲ್ಲದವರೂ ಆರ್ಕಿಗೋನಿಯಂನ ಒಂದು ತುಂಡನ್ನು ಬರಿಗಣ್ಣಿನಲ್ಲಿ ನೋಡಬಹುದು. ಹಾವಸೆಯ ಬುರುಡೆಯ ಮೇಲೆ ಒಂದು ಟೊಪ್ಪಿ ಇರುತ್ತದಲ್ಲ, ಉಗುರಿನಿಂದ ಎಳೆದರೆ ಕಳಚಿ ಬರುತ್ತದೆ. ಕ್ಯಾಲಿಪ್ಟ್ರ ಎನ್ನುವ ಅದು ಹಳೆಯ ಆರ್ಕಿಗೋನಿಯಂನ ಹೊಟ್ಟೆಯ ಗೋಡೆಯೇ. ಒಳಗಿನ ಮಗು ಬೆಳೆಯುವಾಗ ಅದೂ ಜೊತೆಗೆ ಹಿಗ್ಗಿ, ಕೊನೆಗೆ ಹರಿದು, ಬುರುಡೆಯ ತಲೆಯ ಮೇಲೆ ಏರಿ ಕೂತಿದೆ. ಫ್ಯುನೇರಿಯದ ಟೊಪ್ಪಿಗೆ ಉದ್ದ ಮೂತಿ ಇರುತ್ತದೆ, ಪೊಗೊನೇಟಮ್‌ನದು ಕೂದಲು ಕೂದಲು. ಟೊಪ್ಪಿ ತಾಯಿಯ ಮೈ, ಬುರುಡೆ ಮಗುವಿನ ಮೈ. ತರಗತಿಯಲ್ಲಿ ಈ ಒಂದು ಟೊಪ್ಪಿ ಕಳಚಿ ತೋರಿಸಿದರೆ ಪೀಳಿಗೆಗಳ ಅದಲುಬದಲಿನ (ಅಂಡ ಬಿಡುವ ಪೀಳಿಗೆ, ಬೀಜಕ ಬಿಡುವ ಪೀಳಿಗೆ ಒಂದಾದ ಮೇಲೊಂದು ಬರುವುದರ) ಅರ್ಧ ಪಾಠ ಆದ ಹಾಗೆ.

ಆ ಅದಲುಬದಲು ಹಾವಸೆ, ಜರಿ ಎರಡರಲ್ಲೂ ಒಂದೇ ಕ್ರಮದಲ್ಲಿ ನಡೆಯುತ್ತದೆ ಎಂದು 1851ರಲ್ಲಿ ತೋರಿಸಿದವನು ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಆಗ ಅವನು ಪ್ರೊಫೆಸರ್ ಅಲ್ಲ, ವಿಶ್ವವಿದ್ಯಾಲಯದಲ್ಲಿ ಓದಿ ಪಡೆದ ಪದವಿಯೂ ಇರಲಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೆತನದ ಸಂಗೀತ ಪ್ರಕಾಶನದ ವ್ಯಾಪಾರ ನೋಡಿಕೊಳ್ಳುತ್ತ ಬಿಡುವಿನಲ್ಲಿ ಸೂಜಿ ಹಿಡಿದವನು. ಲ್ಯಾಬ್ ಇಲ್ಲ ಎಂದು ಕೊರಗುವವರಿಗೆ ಈ ಸಂಗತಿ ಹೇಳುತ್ತಿರುತ್ತೇನೆ.

ಲಿವರ್‌ವರ್ಟ್‌ಗಳು, ಚುಟುಕಾಗಿ

ಹಳ್ಳದ ಬದಿಯಲ್ಲಿ ನೆಲಕ್ಕಂಟಿ ಬೆಳೆಯುವ ಚಪ್ಪಟೆ ಹಸಿರಿನಲ್ಲಿ ಮಾರ್ಕೇನ್ಶಿಯ ಸಿಕ್ಕರೆ ಅದೃಷ್ಟ. ಹೆಣ್ಣು ಗಿಡದಿಂದ ಕಾಲೆತ್ತಿದ ಸಣ್ಣ ಕೊಡೆ, ಕೊಡೆಯ ಕಡ್ಡಿಗಳು ಬೆರಳಿನ ಹಾಗೆ ಹೊರಚಾಚಿರುತ್ತವೆ. ಆರ್ಕಿಗೋನಿಯಂಗಳು ಕೊಡೆಯ ಅಡಿಯಲ್ಲಿ ತಲೆಕೆಳಗಾಗಿ ತೂಗುತ್ತವೆ. ಕೊಡೆ ಪೂರ್ತಿ ಎದ್ದ ಮೇಲೆ ತಂದರೆ ತಡ. ಕಾಲು ಇನ್ನೂ ಗಿಡ್ಡ ಇರುವಾಗಲೇ ತಂದು, ಕೊಡೆಯನ್ನು ನೆತ್ತಿಯಿಂದ ಕೆಳಕ್ಕೆ ತೆಳ್ಳಗೆ ಸೀಳಿ. ಬೆನ್ನ ಮೇಲಿನ ಪುಟ್ಟ ಬಟ್ಟಲುಗಳನ್ನು ನೋಡಿ ಮೋಸಹೋಗಬೇಡಿ. ಅವು ಗೆಮ್ಮ (ನೇರವಾಗಿ ಹೊಸ ಗಿಡವಾಗುವ ತುಣುಕು) ಬಟ್ಟಲು, ಗಂಡೂ ಅಲ್ಲ ಹೆಣ್ಣೂ ಅಲ್ಲ.

ಗದ್ದೆ ಬದು, ಅಂಗಳದ ಮೂಲೆಯಲ್ಲಿ ವೃತ್ತಾಕಾರವಾಗಿ ಹರಡುವ ರಿಕ್ಸಿಯಾದಲ್ಲಿ ಆರ್ಕಿಗೋನಿಯಂ ಬೆನ್ನಿನ ಗೀರಿನೊಳಗೆ ಹೂತಿರುತ್ತದೆ, ಕತ್ತಿನ ತುದಿ ಮಾತ್ರ ಹೊರಗೆ. ಅಡ್ಡಸೀಳು ತೆಗೆಯಲು ಕ್ಯಾರೆಟ್ಟಿನ ತುಂಡಿಗೆ ಸೀಳು ಹಾಕಿ, ನಡುವೆ ಗಿಡ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಬ್ಲೇಡಿನಲ್ಲಿ ಕೊಯ್ಯಿರಿ. ಲಿವರ್‌ವರ್ಟ್ ಅಲ್ಲದ, ಹಾರ್ನ್‌ವರ್ಟ್ ಎನ್ನುವ ಬೇರೆ ಗುಂಪಿನ ಆಂಥೋಸೆರೋಸ್ ಇನ್ನೂ ಕಷ್ಟ: ಅಂಗ ಪೂರ್ತಿ ಮೈಯೊಳಗೆ ಹುದುಗಿ ಸುತ್ತಲಿನ ಕೋಶಗಳ ಜೊತೆ ಬೆರೆತುಹೋಗಿರುತ್ತದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಜರಿಯ ಮರಿ

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಜರಿ ಎಲೆಯ ಅಡಿಯ ಕಂದು ಚುಕ್ಕೆ, ಗೆರೆಗಳನ್ನು ತೋರಿಸಿ ಇದೇ ಅದರ ಹೂವು, ಇದೇ ಹೆಣ್ಣು ಅಂಗ ಎನ್ನುತ್ತಾರೆ. ಅಲ್ಲ. ಅವು ಬೀಜಕದ ಚೀಲಗಳು. ಬೀಜಕ ನೆಲಕ್ಕೆ ಬಿದ್ದು ಮೊಳೆತಾಗ ಜರಿ ಬರುವುದಿಲ್ಲ, ಅರ್ಧ ಸೆಂಟಿಮೀಟರಿನ ಆಸುಪಾಸಿನ, ಕಾಗದದಷ್ಟು ತೆಳ್ಳನೆಯ, ಹೃದಯಾಕಾರದ ಹಸಿರು ಹಾಳೆ ಬರುತ್ತದೆ. ಇದೇ ಪ್ರೋಥಾಲಸ್. ಗಂಡು ಹೆಣ್ಣು ಅಂಗಗಳೆಲ್ಲ ಇರುವುದು ಇದರ ಅಡಿಯಲ್ಲಿ. ಕಾಡಿನಲ್ಲಿ ಇಷ್ಟೆತ್ತರದ ಮರಜರಿಗೂ ತಾಯಿ ಇಂಥದೇ ಒಂದು ಹಾಳೆ.

ಹೊರಗೆ ಹುಡುಕುವುದಾದರೆ ದೊಡ್ಡ ಜರಿಗಳ ಕೆಳಗಿನ ನೆರಳಿನ ಧರೆ, ಜಂಬಿಟ್ಟಿಗೆಯ ತೂತು, ಬೇರೆ ಗಿಡದ ಪೈಪೋಟಿ ಇಲ್ಲದ ಬರಿ ಮಣ್ಣು ನೋಡಿ. ಹೃದಯದ ಕೊರಕಲಿನಿಂದ ಪುಟ್ಟ ಎಲೆಯೊಂದು ಎದ್ದಿದ್ದರೆ ಅದು ಬಸಿರಾದ ಪ್ರೋಥಾಲಸ್. ಜಾಗ ಸರಿಯಾಗಿದೆ ಅಂತ ಅರ್ಥ, ಅದರ ಸುತ್ತಲಿನ ಎಲೆ ಬಾರದವನ್ನು ಆರಿಸಿ. ಆದರೆ ಮನೆಯಲ್ಲೇ ಬೆಳೆಸುವುದು ಇದಕ್ಕಿಂತ ಒಳ್ಳೆಯ ದಾರಿ. ಮಣ್ಣು ಅಂಟುವುದಿಲ್ಲ, ವಯಸ್ಸು ಗೊತ್ತಿರುತ್ತದೆ.

ಹಳೆಯ ಗಾರೆ ಗೋಡೆಗಳಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟ ಶುರುವಿಗೆ ಒಳ್ಳೆಯ ಜರಿ. (ಮಣ್ಣಿನ ಆರ್ಸೆನಿಕ್ ಅನ್ನು ಎಲೆಯಲ್ಲಿ ಕೂಡಿಡುತ್ತದೆ ಎಂದು 2001ರಲ್ಲಿ ಹೆಸರಾದದ್ದು ಇದೇ.) ಎಲೆಯಂಚಿನ ಕಂದು ಗೆರೆ ಬಲಿತು ಇನ್ನೂ ಒಡೆಯದಿರುವಾಗ ಎಲೆ ಕೊಯ್ದು ಬಿಳಿ ಕಾಗದದಲ್ಲಿ ಮಡಚಿ, ಒಣ ಜಾಗದಲ್ಲಿ ಇಡಿ. ಒಂದೆರಡು ದಿನದಲ್ಲಿ ಪುಡಿ ಉದುರುತ್ತದೆ. ಕಾಗದವನ್ನು ಸ್ವಲ್ಪ ಓರೆ ಮಾಡಿ ಬೆರಳಿನಿಂದ ತಟ್ಟಿ. ಚೀಲದ ಸಿಪ್ಪೆ ಜಾರಿಹೋಗುತ್ತದೆ, ಸಣ್ಣ ಬೀಜಕ ಕಾಗದಕ್ಕೆ ಅಂಟಿ ಉಳಿಯುತ್ತದೆ. ಉಳಿದದ್ದೇ ಬೇಕಾದದ್ದು.

ಒಡೆದ ಮಂಗಳೂರು ಹೆಂಚಿನ ಚೂರನ್ನು ಚೆನ್ನಾಗಿ ಕುದಿಸಿ ಆರಿಸಿ. ತೋಟದ ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕುದಿಸಿ ಸೋಸಿ, ತಣಿದ ಆ ನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಒಂದು ಬೆರಳಿನಷ್ಟು ಹಾಕಿ, ಹೆಂಚಿನ ಚೂರು ಅರ್ಧ ಮುಳುಗುವ ಹಾಗೆ ಓರೆಯಾಗಿ ನಿಲ್ಲಿಸಿ. ನೀರು ಹೆಂಚಿನ ಮೈಯಲ್ಲಿ ತಾನೇ ಏರುತ್ತದೆ. ಒಣಗಿದ ಬ್ರಷ್ಷಿನ ತುದಿಗೆ ಬೀಜಕ ಮುಟ್ಟಿಸಿ, ಹೆಂಚಿನ ಮೇಲೆ ಹಿಡಿದು ಒಂದೇ ಸಲ ತಟ್ಟಿ. ಕಣ್ಣಿಗೆ ಪುಡಿ ಕಂಡರೆ ಹೆಚ್ಚಾಯಿತು. ಮುಚ್ಚಳ ಹಾಕಿ ನೇರ ಬಿಸಿಲು ಬೀಳದ, ಬೆಳಕಿರುವ ಕಿಟಕಿಯಲ್ಲಿಡಿ. ಒಂದೆರಡು ವಾರದಲ್ಲಿ ಹಸಿರು ಎಳೆ, ಒಂದೂವರೆ ಎರಡು ತಿಂಗಳಿಗೆ ಹೃದಯದ ಆಕಾರ. ಬಿಳಿ ಬೂಷ್ಟು ಕಂಡರೆ ಆ ಭಾಗವನ್ನು ಕೂಡಲೇ ಕೆರೆದು ತೆಗೆಯಿರಿ.

ತೆಳ್ಳಗೆ ಬಿತ್ತಿ ಎಂದು ಒತ್ತಿ ಹೇಳಲು ಕಾರಣವಿದೆ. ದಟ್ಟವಾಗಿ ಬಿತ್ತಿದರೆ ಬಹುಪಾಲು ಗಂಡಾಗಿಬಿಡುತ್ತವೆ. ಟೆರಿಸ್ ವಿಟ್ಟಾಟ ಸೇರಿದಂತೆ ಹಲವು ಜರಿಗಳಲ್ಲಿ ಮೊದಲು ಬೆಳೆದು ಹೃದಯವಾದ ಪ್ರೋಥಾಲಸ್ ಒಂದು ರಾಸಾಯನಿಕವನ್ನು ಒಸರುತ್ತದೆ. ಅದು ತಾಗಿದ ಸುತ್ತಲಿನ ಎಳೆಯವು ಸಣ್ಣದಾಗೇ ಉಳಿದು ಗಂಡು ಅಂಗ ಬಿಡುತ್ತವೆ. ಆಂಥರಿಡಿಯೋಜನ್ ಎನ್ನುವ ಈ ವಸ್ತುವನ್ನು ಮೊದಲು ಗುರುತಿಸಿದವನು ಜರ್ಮನಿಯ ಸಸ್ಯವಿಜ್ಞಾನಿ ಡೊಪ್, 1950ರಲ್ಲಿ. ಹಾಗಾಗಿ ಎರಡು ಡಬ್ಬಿ ಮಾಡುವುದು ಜಾಣತನ. ಒಂದರಲ್ಲಿ ತೆಳ್ಳಗೆ, ಹೆಣ್ಣಿಗಾಗಿ. ಇನ್ನೊಂದರಲ್ಲಿ ದಟ್ಟವಾಗಿ, ಗಂಡಿಗಾಗಿ. ನೀರನ್ನು ಯಾವತ್ತೂ ತಳಕ್ಕೇ ಹಾಕಿ, ಮೇಲಿಂದ ಚಿಮುಕಿಸಬೇಡಿ. ಚಿಮುಕಿಸಿದರೆ ನೀವಿಲ್ಲದಾಗಲೇ ಗರ್ಭ ಕಟ್ಟಿ ಮುಗಿದಿರುತ್ತದೆ.

ನೋಡುವಾಗ ಹಾಳೆಯನ್ನು ಬ್ರಷ್ಷಿನಿಂದ ಎತ್ತಿ, ಮಗುಚಿ, ಅಡಿಭಾಗ ಮೇಲೆ ಬರುವಂತೆ ನೀರಹನಿಯಲ್ಲಿ ಇಡಿ. ಚೂಪು ತುದಿಯ ಕಡೆ ಬೇರಿನಂಥ ಕೂದಲುಗಳ ನಡುವಿನ ಗುಂಡು ಗುಳ್ಳೆಗಳು ಗಂಡು ಅಂಗ. ಕೊರಕಲಿನ ಹಿಂದೆ, ಹಾಳೆ ದಪ್ಪಗಾದ ದಿಂಬಿನ ಮೇಲೆ ಹೆಣ್ಣು. ಹಾವಸೆಯ ಉದ್ದ ಕತ್ತನ್ನು ನೋಡಿ ಬಂದವರಿಗೆ ಇಲ್ಲಿ ನಿರಾಸೆಯಾಗಬಹುದು. ಹೊಟ್ಟೆ ಹಾಳೆಯೊಳಗೆ ಹುದುಗಿದೆ, ಗಿಡ್ಡ ಕತ್ತು ಮಾತ್ರ ಹೊರಗೆ, ಅದೂ ಚೂಪು ತುದಿಯ ಕಡೆಗೆ, ಅಂದರೆ ಗಂಡು ಅಂಗಗಳ ಕಡೆಗೆ ಬಾಗಿಕೊಂಡು. ಮೇಲಿನಿಂದ ನೋಡಿದರೆ ನಾಲ್ಕು ಕೋಶಗಳು ಕೂಡಿಸುವ ಚಿಹ್ನೆಯಾಗಿ ಸೇರಿರುವುದು ಕಾಣುತ್ತದೆ. ಜರಿಯ ಕತ್ತಿಗೆ ನಾಲ್ಕೇ ಸಾಲು. ಪಕ್ಕದಿಂದ ನೋಡಬೇಕಾದರೆ ಹಾಳೆಯನ್ನು ನಡುವಿನಲ್ಲಿ, ಅಡಿಭಾಗ ಹೊರಗೆ ಬರುವಂತೆ ಮಡಚಿ. ಮಡಿಕೆಯ ಅಂಚಿನಲ್ಲಿ ಕತ್ತುಗಳು ಸಾಲಾಗಿ ಎದ್ದು ನಿಲ್ಲುತ್ತವೆ.

ನೀರು ಬಿಟ್ಟು ನೋಡುವುದು

ಕೆಲವು ದಿನ ಮೇಲ್ಮೈಗೆ ನೀರು ತಾಗಿಸದೆ ಬೆಳೆಸಿದ ಹೆಣ್ಣು ಹಾಳೆಯೊಂದನ್ನು ಸ್ಲೈಡಿಗಿಟ್ಟು ಒಂದು ಹನಿ ಮಳೆನೀರು ಹಾಕಿ, ಕವರ್‌ಸ್ಲಿಪ್ ಮುಚ್ಚಿ. ಬಲಿತ ಕತ್ತಾಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ತುದಿಯ ಕೋಶಗಳು ಬಿರಿದು ಲೋಳೆ ಹೊರಬರುತ್ತದೆ. ಇನ್ನೊಂದು ಸ್ಲೈಡಿನಲ್ಲಿ ಗಂಡು ಹಾಳೆಗಳನ್ನು ನೀರಿನಲ್ಲಿ ಬಿಟ್ಟು, ಗಂಡು ಕೋಶ ಹೊರಬಿದ್ದು ಗಿರಗಿರನೆ ತಿರುಗುತ್ತ ಓಡಾಡುವುದು ಕಂಡ ಮೇಲೆ ಆ ನೀರನ್ನು ಹೆಣ್ಣಿನ ಕವರ್‌ಸ್ಲಿಪ್ಪಿನ ಅಂಚಿಗೆ ಬಿಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ದೀಪದ ಬಿಸಿಯೂ ಹೆಚ್ಚಾಗಬಾರದು. ಮೊದಲು ಗಂಡು ಕೋಶಗಳು ಗೊತ್ತುಗುರಿಯಿಲ್ಲದೆ ಸುತ್ತುತ್ತವೆ. ತೆರೆದ ಬಾಯಿಯ ಹತ್ತಿರ ಬಂದವು ಮಾತ್ರ ಅತ್ತ ತಿರುಗಿ ಅಲ್ಲೇ ಮುತ್ತಿಕೊಳ್ಳುತ್ತವೆ. ಲೋಳೆಯಲ್ಲಿ ಕೆಲವು ಸಿಕ್ಕಿಬಿದ್ದು ನಿಧಾನವಾಗುತ್ತವೆ, ಒಂದೆರಡು ಕೊಳವೆಗೆ ನುಗ್ಗುತ್ತವೆ. 1884ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಸಣ್ಣ ಗಾಜಿನ ನಳಿಕೆಯಲ್ಲಿ ಮ್ಯಾಲಿಕ್ ಆಮ್ಲ ತುಂಬಿ ಜರಿಯ ಗಂಡು ಕೋಶಗಳ ಮುಂದೆ ಇಟ್ಟಾಗ ಅವು ಅದರೊಳಕ್ಕೇ ನುಗ್ಗಿದವು. ಹಾವಸೆಯವನ್ನು ಸೆಳೆದದ್ದು ಸಕ್ಕರೆ. ಮೊಬೈಲಿನ ಕ್ಯಾಮೆರಾವನ್ನು ಐಪೀಸಿಗೆ ಹಿಡಿದು ವಿಡಿಯೊ ಮಾಡಿಕೊಳ್ಳಿ, ಚಿತ್ರ ಬರೆಯುವಷ್ಟು ಪುರುಸೊತ್ತು ಅವು ಕೊಡುವುದಿಲ್ಲ.

ಸೆಲಾಜಿನೆಲ್ಲ

ಧರೆಯ ಮೇಲೆ ಹರಡುವ, ಹಾವಸೆಯೆಂದೇ ಜನ ತಿಳಿಯುವ ಸೆಲಾಜಿನೆಲ್ಲದಲ್ಲಿ ಹೆಣ್ಣು ಹಾಳೆ ಹೊರಗೆ ಬರುವುದೇ ಇಲ್ಲ, ದೊಡ್ಡ ಬೀಜಕದೊಳಗೇ ಬೆಳೆಯುತ್ತದೆ. ಕೊಂಬೆಯ ತುದಿಯ ನಾಲ್ಕು ಮೂಲೆಯ ತೆನೆಯನ್ನು ಕಾಗದದ ಮೇಲೆ ಒಣಗಿಸಿದರೆ ಧೂಳಿನಂಥ ಸಣ್ಣ ಬೀಜಕದ ಜೊತೆ ಕಾಳಿನಂತೆ ಬಿಡಿಬಿಡಿಯಾಗಿ ಕಾಣುವ ದೊಡ್ಡವೂ ಉದುರುತ್ತವೆ. ದೊಡ್ಡವನ್ನು ಒದ್ದೆ ಫಿಲ್ಟರ್ ಕಾಗದದ ಮೇಲೆ ಮುಚ್ಚಿಟ್ಟು ಆಗಾಗ ನೋಡಿ. ಮೂರು ಗೆರೆ ಸೇರುವಲ್ಲಿ ಸಿಪ್ಪೆ ಬಿರಿದು, ಬಿರುಕಿನಲ್ಲಿ ಒಳಗಿನ ಅಂಗಾಂಶ ಇಣುಕುತ್ತದೆ. ಆರ್ಕಿಗೋನಿಯಂಗಳು ಆ ಬಿರುಕಿನಲ್ಲೇ. ಇಲ್ಲೂ ನೀರು ಸೇರುವ ಜಾಗಕ್ಕೇ ಬಾಯಿ.

ಸ್ಲೈಡು ಇಟ್ಟುಕೊಳ್ಳಬೇಕೆಂದರೆ ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ನೀರು ಬೆರೆಸಿದ ಗ್ಲಿಸರಿನ್ ಹನಿ ಇಟ್ಟು, ಎದುರು ಅಂಚಿನಿಂದ ಕಾಗದದಲ್ಲಿ ನೀರು ಹೀರಿ. ಒಮ್ಮೆಲೇ ಗಟ್ಟಿ ಗ್ಲಿಸರಿನ್ ಹಾಕಿದರೆ ಕತ್ತಿನ ಕೋಶಗಳು ಮುದುಡಿಕೊಳ್ಳುತ್ತವೆ, ಅದಕ್ಕೇ ನೀರಾಗಿ ಶುರು ಮಾಡಿ ಒಂದೆರಡು ದಿನದಲ್ಲಿ ಗಟ್ಟಿಯದಕ್ಕೆ ಬನ್ನಿ. ಅಂಚಿಗೆ ಉಗುರುಬಣ್ಣ ಬಳಿದು ಒಣಗಿಸಿ. ಚೀಟಿಯಲ್ಲಿ ಊರು, ತಾರೀಖು, ಯಾವ ಮೈ ಮೇಲಿದೆ ಎಂಬುದರ ಜೊತೆಗೆ ತಾಜಾ ಇದ್ದಾಗ ಕತ್ತಿನ ಬಣ್ಣ ಏನಿತ್ತು ಎಂದೂ ಬರೆದಿಡಿ. ಗ್ಲಿಸರಿನ್‌ನಲ್ಲಿ ಹಸಿರು ಕ್ರಮೇಣ ಮಾಸುತ್ತದೆ. ಆಮೇಲೆ ಎಳೆಯದು ಯಾವುದು, ಕಾಲ ಮೀರಿದ್ದು ಯಾವುದು ಎಂದು ಚೀಟಿಯೇ ಹೇಳಬೇಕು.